ಬಾರ್ಜ್‌ನ ಡೆಕ್ ಮೇಲೆ ಮೊದಲ ತಿಂಗಳು: ಎಳೆತ ಎಲ್ಲಿದೆ, ನೀವು ಎಲ್ಲಿ ನಿಂತಿದ್ದೀರಿ?

ಪ್ರಶ್ನೆ: ನದಿಯಲ್ಲಿ ಸರಕು ಸಾಗಿಸುವ ಬಾರ್ಜ್‌ಗಳ ಮೇಲೆ ಡೆಕ್‌ಹ್ಯಾಂಡ್ ಕೆಲಸಕ್ಕೆ ಸೇರುತ್ತಿದ್ದೇನೆ. ವಯಸ್ಸು 23. ಗೋದಾಮಿನಲ್ಲಿ ಮೂಟೆ ಹೊತ್ತು ಅಭ್ಯಾಸವಿದೆ, ಶ್ರಮಕ್ಕೆ ಹೆದರಿಕೆಯಿಲ್ಲ. ಆದರೆ ವೈರ್, ರಾಚೆಟ್, ಲಾಕ್ ಎಂದೆಲ್ಲ ಹೇಳುತ್ತಾರೆ, ಅದರಲ್ಲಿ ಒಂದೂ ಗೊತ್ತಿಲ್ಲ. ಮೊದಲ ತಿಂಗಳು ನಿಜವಾಗಿ ಏನು ಮಾಡಿಸುತ್ತಾರೆ? ಪೆಟ್ಟಾಗುವುದು ಎಲ್ಲಿ? ಸೇರುವ ಮೊದಲೇ ಕಲಿತುಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಮೂಟೆ ಹೊತ್ತ ಅಭ್ಯಾಸ ಮೊದಲ ವಾರ ನಿಮಗೆ ನೆರವಾಗುತ್ತದೆ. ಎರಡನೇ ವಾರ ಅದೇ ತೊಡಕಾಗಬಹುದು. ಮೂಟೆಯ ಭಾರ ಎಷ್ಟು, ಅದು ಎತ್ತ ವಾಲುತ್ತಿದೆ ಎಂಬುದು ಹೆಗಲಿಗೇ ತಿಳಿಯುತ್ತದೆ. ಬಾರ್ಜ್ ಮೇಲೆ ಹಾಗಲ್ಲ. ಅಲುಗಾಡದೆ ನಿಂತಿರುವ ವೈರ್‌ನಲ್ಲಿ, ಅಂದರೆ ಉಕ್ಕಿನ ಹಗ್ಗದಲ್ಲಿ, ಹತ್ತಾರು ಟನ್ ಎಳೆತ ತುಂಬಿರಬಹುದು, ಮೇಲ್ನೋಟಕ್ಕೆ ಅದು ಕಾಣುವುದಿಲ್ಲ. ಹಾಗಾಗಿ ಡೆಕ್‌ಹ್ಯಾಂಡ್ ಮೊದಲು ಕಲಿಯಬೇಕಾದ ವಿದ್ಯೆ ಒಂದೇ: ಕೈ ಹಾಕುವ ಮುಂಚೆ ಎಳೆತ ಎಲ್ಲಿದೆ, ಅದು ಕಿತ್ತುಕೊಂಡರೆ ಯಾವ ಕಡೆ ಹಾರುತ್ತದೆ, ಆ ದಾರಿಯಲ್ಲಿ ನನ್ನ ಮೈ ಇದೆಯೇ ಎಂದು ನೋಡುವುದು. ನೀವು ಕೇಳಿದ ವೈರ್, ರಾಚೆಟ್, ಲಾಕ್ ಮೂರಕ್ಕೂ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಗಾತ್ರದ ಅಂದಾಜು ಮೊದಲು ತಲೆಗೆ ಹತ್ತಬೇಕು. ಅಮೆರಿಕದ ಮಿಸಿಸಿಪ್ಪಿ, ಒಹಾಯೊ ನದಿಗಳಲ್ಲಿ ಓಡುವ ಸಾಮಾನ್ಯ ಒಣಸರಕಿನ ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲ. ಪೂರ್ತಿ ತುಂಬಿದಾಗ ಸುಮಾರು 9 ಅಡಿ ಮುಳುಗುತ್ತದೆ, 1,360 ಮೆಟ್ರಿಕ್ ಟನ್ ಆಸುಪಾಸು ಸರಕು ಹಿಡಿಯುತ್ತದೆ. ಅದಕ್ಕೆ ಎಂಜಿನ್ ಇಲ್ಲ. ಅಗಲಕ್ಕೆ ಮೂರು, ಉದ್ದಕ್ಕೆ ಐದರಂತೆ ಹದಿನೈದು ಬಾರ್ಜ್‌ಗಳನ್ನು ವೈರ್‌ಗಳಿಂದ ಬಿಗಿದು ಒಂದೇ ಹಲಗೆಯಂತೆ ಮಾಡುತ್ತಾರೆ. ಹಿಂದಿನಿಂದ ಟೋಬೋಟ್ ಅದನ್ನು ತಳ್ಳುತ್ತದೆ. ಹೆಸರಿನಲ್ಲಿ ಎಳೆಯುವ ಅರ್ಥವಿದ್ದರೂ ಇಲ್ಲಿ ಅದರ ಕೆಲಸ ತಳ್ಳುವುದು. ಹೀಗೆ ಕಟ್ಟಿದ ಇಡೀ ಕೂಟಕ್ಕೆ ಟೋ ಎನ್ನುತ್ತಾರೆ. ಹದಿನೈದರ ಟೋ 975 ಅಡಿ ಉದ್ದ, 105 ಅಡಿ ಅಗಲ. ಲಾಕ್‌ಗಳು, ಅಂದರೆ ಹಡಗನ್ನು ಏರಿಸಿ ಇಳಿಸುವ ನೀರಿನ ಕೋಣೆಗಳು, ಇಲ್ಲದ ಕೆಳ ಮಿಸಿಸಿಪ್ಪಿಯಲ್ಲಿ ಮೂವತ್ತು, ನಲವತ್ತು ಬಾರ್ಜ್‌ಗಳ ಟೋ ಕೂಡ ಓಡುತ್ತದೆ. ಯುರೋಪಿನ ರೈನ್ ನದಿಯಲ್ಲಿ ಆರು ಬಾರ್ಜ್‌ಗಳವರೆಗೆ ಕಟ್ಟಿ ತಳ್ಳುತ್ತಾರೆ, ಅಲ್ಲಿನ ಬಾರ್ಜ್ 76.5 ಮೀಟರ್ ಉದ್ದ. ನದಿ ಯಾವುದಾದರೂ ಡೆಕ್‌ಹ್ಯಾಂಡ್ ಕೆಲಸದ ತಿರುಳು ಒಂದೇ: ಬಾರ್ಜ್‌ಗಳನ್ನು ಕಟ್ಟುವುದು, ಬಿಚ್ಚುವುದು, ಕಟ್ಟಿದ್ದು ಸಡಿಲವಾಗದಂತೆ ಕಾಯುವುದು.

ವೈರ್ ಮತ್ತು ರಾಚೆಟ್

ನಿಮ್ಮ ಮೊದಲ ತಿಂಗಳು ಹೆಚ್ಚು ಪಾಲು ಇದರಲ್ಲೇ ಕಳೆಯುತ್ತದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಬಾರ್ಜ್ ಕಟ್ಟುವ ವೈರ್ ಸಾಮಾನ್ಯವಾಗಿ ಒಂದು ಅಂಗುಲ ದಪ್ಪ, 35 ಅಡಿ ಉದ್ದ. ತುದಿಯಲ್ಲಿ ಕುಣಿಕೆ ಇರುತ್ತದೆ. ತೂಕ 30 ಕಿಲೋ ಹತ್ತಿರ. ರಾಚೆಟ್ ಇನ್ನೊಂದು 20 ಕಿಲೋ ಮೇಲೆ. ಟೋ ಕಟ್ಟುವ ದಿನ ಇವನ್ನು ಹೊತ್ತು ಡೆಕ್ ಅಂಚಿನಲ್ಲಿ ಹತ್ತಾರು ಸಲ ಓಡಾಡಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಹೊರುವ ಉತ್ಸಾಹ ತೋರಿಸಬೇಡಿ. ವೈರನ್ನು ನೀರಿನ ಕಡೆಯ ಹೆಗಲ ಮೇಲೆ ಹೊರಿ, ಕೊರಳಿಗೆ ಹಾಕಿಕೊಳ್ಳಬೇಡಿ. ಎಡವಿದರೆ ಒಂದು ಕೊಡವಿಗೆ ಅದು ನೀರಿಗೆ ಬೀಳಬೇಕು, ನಿಮ್ಮನ್ನು ಜೊತೆಗೆ ಎಳೆಯಬಾರದು. ವೈರ್ ಹೋದರೆ ಇನ್ನೊಂದು ಸಿಗುತ್ತದೆ.

ರಾಚೆಟ್ ಎಂದರೆ ಎರಡು ತುದಿಯಲ್ಲೂ ತಿರುಪು ಇರುವ ಉಕ್ಕಿನ ನಳಿಕೆ. ಒಂದು ತಿರುಪಿನ ಎಳೆ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಹಾಗಾಗಿ ನಳಿಕೆಯನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ಎರಡೂ ತಿರುಪುಗಳು ಒಳಗೆ ಸರಿದು ವೈರನ್ನು ಬಿಗಿಯುತ್ತವೆ. ನಡುವೆ ಹಲ್ಲುಚಕ್ರವೂ ಅದನ್ನು ಹಿಂದೆ ತಿರುಗದಂತೆ ತಡೆಯುವ ನಾಲಿಗೆಯೂ ಇರುತ್ತವೆ. ಒಂದು ತುದಿಗೆ ಪೆಲಿಕನ್ ಹುಕ್: ಕೊಕ್ಕಿನಂತೆ ಮಡಚಿಕೊಂಡು, ಮೇಲೊಂದು ಬಳೆ ಕೂತು ಬಿಗಿಯಾಗುವ ಕೊಂಡಿ. ತಿರುಗಿಸಲು ಬಳಸುವ ಹಾರೆಗೆ ಮಿಸಿಸಿಪ್ಪಿಯವರು ಟೂತ್‌ಪಿಕ್ ಎನ್ನುತ್ತಾರೆ.

ಕಟ್ಟುವ ಕ್ರಮ ಹೀಗೆ. ಮೊದಲು ರಾಚೆಟ್ಟನ್ನು ಬಹುಪಾಲು ಬಿಚ್ಚಿಟ್ಟುಕೊಳ್ಳಿ. ಅರ್ಧ ಮುಚ್ಚಿದ ರಾಚೆಟ್ ಹಾಕಿದರೆ ನಾಲ್ಕು ಸುತ್ತಿಗೆ ತಿರುಪು ಮುಗಿದುಹೋಗುತ್ತದೆ, ವೈರ್ ಇನ್ನೂ ಸಡಿಲವಿರುತ್ತದೆ, ಎಲ್ಲ ಕಳಚಿ ಮೊದಲಿನಿಂದ ಶುರು ಮಾಡಬೇಕು. ಹಾಗೆಂದು ತಿರುಪು ಕಳಚಿ ಬೀಳುವಷ್ಟು ಬಿಚ್ಚಬಾರದು. ನಳಿಕೆಯೊಳಗೆ ಸಾಕಷ್ಟು ಎಳೆಗಳು ಹಿಡಿದಿರಬೇಕು, ಎರಡು ಮೂರು ಎಳೆಗಳಲ್ಲಿ ನಿಂತ ತಿರುಪು ಎಳೆತ ಬಿದ್ದಾಗ ಕಿತ್ತುಕೊಂಡು ಬರುತ್ತದೆ. ಆಮೇಲೆ ವೈರ್‌ನ ಕುಣಿಕೆಯನ್ನು ಒಂದು ಬಾರ್ಜ್‌ನ ಟಿಂಬರ್‌ಹೆಡ್‌ಗೆ, ಅಂದರೆ ಡೆಕ್‌ಗೆ ಬೆಸೆದ ಗಿಡ್ಡ ಉಕ್ಕಿನ ಕಂಬಕ್ಕೆ, ಹಾಕಿ. ವೈರನ್ನು ಪಕ್ಕದ ಬಾರ್ಜ್‌ನ ಕಂಬಕ್ಕೆ ಒಯ್ದು, ಸುತ್ತಿ, ಹಿಂದಕ್ಕೆ ತಂದು ಪೆಲಿಕನ್ ಹುಕ್ಕಿಗೆ ಸಿಕ್ಕಿಸಿ. ರಾಚೆಟ್‌ನ ಇನ್ನೊಂದು ತುದಿ ತುಂಡು ಸರಪಳಿಯ ಮೂಲಕ ಕಂಬಕ್ಕೆ ಸೇರುತ್ತದೆ. ಅಳತೆ ಸಾಲದಿದ್ದರೆ ಸರಪಳಿಯ ಕೊಂಡಿ ಬದಲಿಸಿ ಹೊಂದಿಸಿಕೊಳ್ಳಬೇಕು. ಕೈಯಲ್ಲಿ ಎಳೆದು ತೆಗೆಯಬಹುದಾದ ಸಡಿಲವನ್ನೆಲ್ಲ ಹುಕ್ ಮುಚ್ಚುವ ಮೊದಲೇ ತೆಗೆಯಿರಿ. ಮುಚ್ಚಿ, ಬಳೆ ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಿ, ನಳಿಕೆಯನ್ನು ಕೈಯಿಂದ ತಿರುಗಿಸಿ, ಕೊನೆಗೆ ಹಾರೆ ಹಾಕಿ.

ಹಾರೆ ಹಾಕುವಾಗ ನಿಮ್ಮ ಮುಖ, ಎದೆ ಹಾರೆಯ ಮೇಲೆ ಬರಬಾರದು. ನಾಲಿಗೆ ಹಲ್ಲಿನಲ್ಲಿ ಸರಿಯಾಗಿ ಕೂರದೆ ಜಾರಿದರೆ ಹಾರೆ ಹಿಂದಕ್ಕೆ ಬೀಸುತ್ತದೆ, ದವಡೆ ಮುರಿಯಲು ಅಷ್ಟು ಸಾಕು. ಪಕ್ಕದಲ್ಲಿ ಕಾಲಗಲಿಸಿ ನಿಂತು, ಬೆನ್ನು ನೇರವಾಗಿಟ್ಟು, ಪ್ರತಿ ಸಲ ನಾಲಿಗೆ 'ಟಕ್' ಎಂದು ಕೂತ ಸದ್ದು ಕೇಳಿದ ಮೇಲೆಯೇ ಮೈಭಾರ ಬಿಡಿ. ಹಾರೆ ಜಾರಿದರೂ ನೀವು ಡೆಕ್ ಒಳಮುಖವಾಗಿ ಬೀಳುವಂತೆ ನಿಲ್ಲಬೇಕು, ನೀರಿನ ಕಡೆಗಲ್ಲ. ಹಾರೆಗೆ ಪೈಪ್ ತೊಡಿಸಿ ಉದ್ದ ಮಾಡಿ ಬಿಗಿಯುವುದನ್ನು ಕಾಣುತ್ತೀರಿ. ಮೇಟ್, ಅಂದರೆ ಡೆಕ್ ಕೆಲಸದ ಮೇಲ್ವಿಚಾರಕ, ಹೇಳದೆ ಅದಕ್ಕೆ ಕೈ ಹಾಕಬೇಡಿ. ಉದ್ದ ಹೆಚ್ಚಿದಷ್ಟೂ ಬಲ ಹೆಚ್ಚು, ರಾಚೆಟ್‌ಗೂ ವೈರ್‌ಗೂ ಒಂದು ಮಿತಿಯಿದೆ.

ಒಂದು ಜೋಡಣೆಯಲ್ಲಿ ಹಲವು ವೈರ್‌ಗಳಿರುತ್ತವೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವುದು ಹೊಸಬರ ಅಭ್ಯಾಸ. ಎರಡನೆಯದನ್ನು ಬಿಗಿಯುವಾಗ ಬಾರ್ಜ್‌ಗಳು ಇನ್ನಷ್ಟು ಹತ್ತಿರವಾಗುತ್ತವೆ, ಮೊದಲನೆಯದು ಸಡಿಲಗೊಳ್ಳುತ್ತದೆ. ಎಲ್ಲವನ್ನೂ ಸುತ್ತು ಸುತ್ತಾಗಿ ಸಮನಾಗಿ ಏರಿಸಿ. ಮೂರು ವೈರ್‌ಗಳಲ್ಲಿ ಒಂದು ಸಡಿಲವಿದ್ದರೆ ಉಳಿದೆರಡರ ಮೇಲೆ ಮೂರರ ಭಾರ ಬೀಳುತ್ತದೆ. ಅವುಗಳಲ್ಲೊಂದು ಹರಿದರೆ ಉಳಿದದ್ದೂ ನಿಲ್ಲುವುದಿಲ್ಲ. ಟೋ ಒಡೆದು ಬಾರ್ಜ್‌ಗಳು ಹೊಳೆಪಾಲಾಗುವುದು ಎಷ್ಟೋ ಸಲ ಹೀಗೆ, ಯಾರೂ ಗಮನಿಸದ ಒಂದು ಸಡಿಲ ವೈರ್‌ನಿಂದ.

ಬಿಗಿಯಲು ಸರಿಯಾದ ಸಮಯವೂ ಇದೆ. ಟೋಬೋಟ್ ಮುಂದಕ್ಕೆ ತಳ್ಳುವಾಗ ಬಾರ್ಜ್‌ಗಳು ಒಂದಕ್ಕೊಂದು ಒತ್ತಿಕೊಂಡು ಉದ್ದುದ್ದಕ್ಕೆ ಕಟ್ಟಿದ ವೈರ್ ಸಡಿಲಾಗುತ್ತದೆ. ಟೋಬೋಟ್ ನಡೆಸುವ ಪೈಲಟ್‌ಗೆ ರೇಡಿಯೊದಲ್ಲಿ ಹೇಳಿ ಆಗಲೇ ಬಿಗಿಯಬೇಕು. ಎಂಜಿನ್ ಹಿಂದಕ್ಕೆ ಹಾಕಿದಾಗ ಮುಂದಿರುವ ಇಡೀ ಟೋವನ್ನು ತಡೆದು ಹಿಡಿಯುವುದು ಈ ವೈರ್‌ಗಳೇ. ಪೈಲಟ್ ಹಿಂದಕ್ಕೆ ಹಾಕುತ್ತೇನೆ ಎಂದ ಕೂಡಲೇ ಜೋಡಣೆಯ ಬಳಿಯಿಂದ ದೂರ ಸರಿಯಿರಿ. ಹಿಡಿದ ಕೆಲಸ ಅರ್ಧಕ್ಕೇ ನಿಂತರೂ ಪರವಾಗಿಲ್ಲ.

ಇನ್ನೊಂದು ಮಾತು ಯಾರಾದರೂ ಹೇಳಿಕೊಡುವವರೆಗೆ ಹೊಸಬರಿಗೆ ಹೊಳೆಯುವುದಿಲ್ಲ. ಒಂದೇ ಕಂಬಕ್ಕೆ ಎರಡು ಮೂರು ವೈರ್‌ಗಳು ಬರುತ್ತವೆ. ಮೊದಲು ಬಿಚ್ಚಬೇಕಾದದ್ದು ಎಲ್ಲಕ್ಕಿಂತ ಮೇಲೆ ಇರಬೇಕು. ಮುಂದಿನ ಲಾಕ್‌ನಲ್ಲಿ ಟೋವನ್ನು ಎಲ್ಲಿ ತುಂಡು ಮಾಡುತ್ತಾರೆ, ಯಾವ ಬಾರ್ಜ್ ಯಾವ ಊರಿನಲ್ಲಿ ಇಳಿಯುತ್ತದೆ ಎಂದು ಕಟ್ಟುವಾಗಲೇ ಕೇಳಿ. ಅಡಿಗೆ ಸಿಕ್ಕಿಬಿದ್ದ ವೈರನ್ನು ನಡುರಾತ್ರಿ ಮಳೆಯಲ್ಲಿ ಬಿಡಿಸುವ ಪಾಡು ಬೇಡ.

ಬಿಚ್ಚುವುದು ಕಟ್ಟುವುದಕ್ಕಿಂತ ಅಪಾಯದ್ದು. ಮೊದಲು ನಾಲಿಗೆಯನ್ನು ತಿರುವಿ ಹಾಕಿ ರಾಚೆಟ್ಟನ್ನು ಸಡಿಲಿಸುತ್ತ ಬನ್ನಿ, ಎಳೆತ ಪೂರ್ತಿ ಇಳಿಯಲಿ. ಬಳೆ ಕೈಯಿಂದಲೇ ಸರಿದರೆ ಅದು ಸರಿಯಾದ ಕೆಲಸ. ಸರಿಯದಿದ್ದರೆ ಎಳೆತ ಇನ್ನೂ ಇದೆ ಎಂದೇ ಅರ್ಥ. ಪೈಲಟ್‌ಗೆ ಹೇಳಿ ಸ್ವಲ್ಪ ಮುಂದಕ್ಕೆ ತಳ್ಳಿಸಿ ಮತ್ತೆ ಸಡಿಲಿಸಿ. ಬೇರೆ ದಾರಿಯೇ ಇಲ್ಲದೆ ಬಳೆಯನ್ನು ಹೊಡೆದು ಬಿಡಿಸಬೇಕಾಗಿ ಬಂದರೆ ಅನುಭವಿಗಳು ಮಾಡಲಿ, ನೀವು ನೋಡಿ ಕಲಿಯಿರಿ: ಉದ್ದದ ಹಾರೆ, ಪಕ್ಕದಲ್ಲಿ ನಿಲುವು, ವೈರ್ ಸಾಗಿದ ಗೆರೆಯಲ್ಲಿ ಯಾರೂ ಇಲ್ಲ, ಕೂಗಿ ಎಚ್ಚರಿಸಿದ ಮೇಲೆ ಏಟು. ಬಿಟ್ಟುಕೊಂಡ ವೈರ್ ಹಾವಿನಂತೆ ಹೊಡೆಯುತ್ತದೆ, ಕಣ್ಣಿಗೆ ಕಾಣುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಳೆಯ ವೈರ್‌ನಲ್ಲಿ ಹರಿದ ಎಳೆಗಳು ಮುಳ್ಳಿನಂತೆ ಎದ್ದಿರುತ್ತವೆ. ತೊಗಲಿನ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಗ್ಲೌಸ್ ಹಾಕಿದರೂ ವೈರ್ ಮೇಲೆ ಕೈ ಜಾರಿಸಿಕೊಂಡು ಹೋಗಬೇಡಿ. ಹಿಡಿದು, ಬಿಟ್ಟು, ಮುಂದಕ್ಕೆ ಹಿಡಿಯಬೇಕು. ಗಂಟುಮಡಿಕೆ ಬಿದ್ದದ್ದು, ಒಂದೇ ಜಾಗದಲ್ಲಿ ಹಲವು ಎಳೆ ಹರಿದದ್ದು, ಕುಣಿಕೆಯ ಬುಡದಲ್ಲಿ ತುಕ್ಕು ತಿಂದು ಸಣ್ಣಗಾದದ್ದು ಕಂಡರೆ ಮೇಟ್‌ಗೆ ತೋರಿಸಿ ಪಕ್ಕಕ್ಕಿಡಿ.

ಪಾಳಿ ಶುರುವಾದ ಮೇಲೆ ಟೋ ಮೇಲೆ ಒಂದು ಸುತ್ತು ಹೋಗಿ ಪ್ರತಿ ವೈರನ್ನೂ ಹಾರೆಯಿಂದ ತಟ್ಟಿ ನೋಡುವುದು ನಿಮ್ಮ ಕೆಲಸವಾಗುತ್ತದೆ. ಬಿಗಿಯಾದ ವೈರ್ 'ಟಣ್' ಎನ್ನುತ್ತದೆ, ಸಡಿಲವಾದದ್ದು 'ದಬ್' ಎಂದು ಸುಮ್ಮನಾಗುತ್ತದೆ. ಹತ್ತು ದಿನದಲ್ಲಿ ಕಿವಿ ಪಳಗುತ್ತದೆ. ಸದ್ದು ಬದಲಾದ ಕಡೆ ರಾಚೆಟ್ ಬಿಗಿದು ಸುಮ್ಮನಾಗದೆ ಯಾಕೆ ಬದಲಾಯಿತು ಎಂದೂ ನೋಡಿ. ಬಾರ್ಜ್ ಒಂದು ಕಡೆ ತಗ್ಗಿದೆಯೋ, ಕುಣಿಕೆ ಕಂಬದಲ್ಲಿ ಮೇಲೆ ಹತ್ತಿದೆಯೋ?

ಲಾಕ್‌ನಲ್ಲಿ

ಲಾಕ್ ಎಂದರೆ ಅಣೆಕಟ್ಟಿನ ಪಕ್ಕದಲ್ಲಿ ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆ. ನೀರು ತುಂಬಿ ಇಲ್ಲವೇ ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುತ್ತಾರೆ. ಮೇಲ್ ಮಿಸಿಸಿಪ್ಪಿಯ ಲಾಕ್‌ಗಳು 110 ಅಡಿ ಅಗಲ. ನಿಮ್ಮ ಟೋ 105 ಅಡಿ. ಅಂದರೆ ಬದಿಗೆ ಎರಡೂವರೆ ಅಡಿ ಜಾಗ, ಅದೂ ಸರಿಯಾಗಿ ನಡುವೆ ಹೋದರೆ. ಅಲ್ಲಿನ ಹೆಚ್ಚಿನ ಲಾಕ್‌ಗಳು 600 ಅಡಿ ಉದ್ದದವು. ಹದಿನೈದರ ಟೋ ಒಮ್ಮೆಗೆ ಹಿಡಿಸುವುದಿಲ್ಲ. ಮೊದಲ ಒಂಬತ್ತು ಬಾರ್ಜ್‌ಗಳನ್ನು ಬಿಡಿಸಿ ಮುಂದೆ ದಾಟಿಸಿ, ಉಳಿದ ಆರು ಮತ್ತು ಟೋಬೋಟ್ ಹಿಂದಿನಿಂದ ಬಂದು, ಆಮೇಲೆ ಮತ್ತೆ ಜೋಡಿಸಬೇಕು. ಈಗ ತಾನೇ ವಿವರಿಸಿದ ಬಿಚ್ಚುವ, ಕಟ್ಟುವ ಕೆಲಸ ಪ್ರತಿ ಲಾಕ್‌ನಲ್ಲೂ ಬರುತ್ತದೆ.

ಪೈಲಟ್ ಕೂತಿರುವುದು ಸಾವಿರ ಅಡಿ ಹಿಂದೆ. ಟೋ ತಲೆಯ, ಅಂದರೆ ಮುಂತುದಿಯ, ಮುಂದೆ ಗೋಡೆ ಎಷ್ಟು ದೂರವಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಆ ತುದಿಯಲ್ಲಿ ನಿಂತ ಡೆಕ್‌ಹ್ಯಾಂಡ್ ರೇಡಿಯೊದಲ್ಲಿ ದೂರ ಹೇಳುತ್ತ ಹೋಗಬೇಕು: ಮುಂದಕ್ಕೆ ಎಷ್ಟು ಅಡಿ, ಗೋಡೆಯಿಂದ ಪಕ್ಕಕ್ಕೆ ಎಷ್ಟು ಅಡಿ. ಅಂದಾಜಿಗೆ ಬಾರ್ಜನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದು ಬಾರ್ಜ್ ಉದ್ದ 200 ಅಡಿ, ಅರ್ಧ 100, ಅಗಲ 35. ಹತ್ತಿರವಾದಂತೆ ಹೇಳುವ ಅಂತರವೂ ಕಿರಿದಾಗಲಿ. 300, 200, 100, 75, 50, 40, 30, ಕೊನೆಯ ಹತ್ತು ಅಡಿ ಒಂದೊಂದಾಗಿ. ದೂರಕ್ಕಿಂತ ಅದು ಕಡಿಮೆಯಾಗುತ್ತಿರುವ ವೇಗ ಪೈಲಟ್‌ಗೆ ಮುಖ್ಯ. ನಿಮ್ಮ ಎಣಿಕೆಯ ಲಯದಿಂದಲೇ ಅವರು ಆ ವೇಗ ಹಿಡಿಯುತ್ತಾರೆ. ಆದ್ದರಿಂದ ನಡುವೆ ಬೇರೆ ಮಾತು ಬೇಡ, ಮೌನವಂತೂ ಬೇಡವೇ ಬೇಡ. ತಪ್ಪಾಗಿ ಹೇಳಿದೆ ಅನ್ನಿಸಿದರೆ ತಕ್ಷಣ ತಿದ್ದಿ ಹೇಳಿ. 60 ಎಂದದ್ದು ನಿಜವಾಗಿ 40 ಇದ್ದರೆ, ನಾಚಿಕೆಗೆ ಸುಮ್ಮನಿದ್ದ ಎರಡು ಸೆಕೆಂಡಿನಲ್ಲಿ ಗೋಡೆ ಬಂದಿರುತ್ತದೆ.

ಹಗ್ಗದ ಕೆಲಸ ಇಲ್ಲಿ ಜೋರು. ಸುಮಾರು ಎರಡು ಅಂಗುಲ ದಪ್ಪದ ಸಿಂಥೆಟಿಕ್ ಹಗ್ಗದ ಕುಣಿಕೆಯನ್ನು ಗೋಡೆಯ ಗೂಟಕ್ಕೆ ಹಾಕಿ, ಇತ್ತ ಬಾರ್ಜ್‌ನ ಕೆವೆಲ್‌ಗೆ, ಅಂದರೆ ಎರಡು ಕೊಂಬಿನ ಕಟ್ಟುಗೂಟಕ್ಕೆ, ಎಂಟರ ಆಕಾರದಲ್ಲಿ ಸುತ್ತುತ್ತಾರೆ. ಟೋ ಇನ್ನೂ ಚಲಿಸುತ್ತಿರುವಾಗ ಹಗ್ಗವನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಅದು ಹರಿಯುತ್ತದೆ. ಸುತ್ತುಗಳ ಉಜ್ಜುವಿಕೆಯಿಂದ ಸ್ವಲ್ಪ ಸ್ವಲ್ಪ ಬಿಡುತ್ತ, ಸ್ವಲ್ಪ ಸ್ವಲ್ಪ ತಡೆಯುತ್ತ ಟೋವನ್ನು ನಿಲ್ಲಿಸಬೇಕು. ಸುತ್ತು ಕಡಿಮೆಯಾದರೆ ಹಗ್ಗ ಕೈಗೆ ಸಿಗದೆ ಓಡುತ್ತದೆ, ಹೆಚ್ಚಾದರೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಎರಡು ಸುತ್ತಿನಿಂದ ಶುರು ಮಾಡಿ, ಓಟ ನೋಡಿ ಮೂರನೆಯದು ಸೇರಿಸಿ. ಹೊಗೆ ಬಂದರೆ ಹಗ್ಗ ಕರಗುತ್ತಿದೆ ಎಂದರ್ಥ. ಗಾಜಿನಂತೆ ಹೊಳೆದು ಗಟ್ಟಿಯಾದ ಹಗ್ಗ ಬಲ ಕಳೆದುಕೊಂಡಿರುತ್ತದೆ, ಅದನ್ನು ಮತ್ತೆ ಈ ಕೆಲಸಕ್ಕೆ ಬಳಸಬಾರದು.

ಹಗ್ಗ ಹಿಡಿದ ಕೈಗಳು ಕೆವೆಲ್‌ನಿಂದ ಕನಿಷ್ಠ ಎರಡು ಅಡಿ ದೂರವಿರಲಿ. ಒಮ್ಮೆಗೆ ಓಡಿದ ಹಗ್ಗ ಹತ್ತಿರದ ಕೈಯನ್ನು ಉಕ್ಕಿಗೂ ಹಗ್ಗಕ್ಕೂ ನಡುವೆ ಎಳೆದುಕೊಳ್ಳುತ್ತದೆ, ಬೆರಳುಗಳು ಹೋಗುವುದು ಅಲ್ಲಿ. ಅಂಗೈಗೆ, ಮುಂಗೈಗೆ ಸುತ್ತಿಕೊಳ್ಳುವುದು ಯಾವ ಕಾರಣಕ್ಕೂ ಬೇಡ. ಉಳಿದ ಹಗ್ಗ ಹಿಂದೆ ಸಿಂಬಿಯಾಗಿ ಬಿದ್ದಿರುತ್ತದೆ. ಆ ಸಿಂಬಿಯೊಳಗೆ ಕಾಲಿಟ್ಟು ನಿಂತರೆ ಓಡುವ ಹಗ್ಗ ಪಾದ ಹಿಡಿದು ಕೆವೆಲ್‌ಗೆ ಒಯ್ಯುತ್ತದೆ. ಕೈ ಹಾಕುವ ಮುಂಚೆ ಒಮ್ಮೆ ಪಾದ ನೋಡಿಕೊಳ್ಳಿ. ಹಿಗ್ಗುವ ಹಗ್ಗ ಹರಿದಾಗ ರಬ್ಬರಿನಂತೆ ಹಿಂದಕ್ಕೆ ಸಿಡಿಯುತ್ತದೆ. ಡೆಕ್ ಮೇಲೆ ಬಣ್ಣ ಬಳಿದು ಗುರುತಿಸಿದ ಅಪಾಯದ ವಲಯವಿದ್ದರೆ ಅದರ ಹೊರಗಿದ್ದೇನೆ ಎಂದು ನೆಮ್ಮದಿಯಾಗಬೇಡಿ. ಕಂಬಕ್ಕೆ ತಾಗಿ ಸಾಗಿದ ಹಗ್ಗ ಅಡ್ಡಡ್ಡ ಬೀಸುತ್ತದೆ, ಹಾಗಾಗಿ ಎಳೆತದಲ್ಲಿರುವ ಹಗ್ಗದ ಸುತ್ತಲಿನ ಜಾಗವನ್ನೆಲ್ಲ ಅಪಾಯದ್ದೆಂದೇ ಎಣಿಸಬೇಕು.

ನೀರು ಇಳಿಯುವಾಗ ಹಗ್ಗ ಬಿಡುತ್ತಲೇ ಇರಬೇಕು, ಏರುವಾಗ ಸಡಿಲ ತೆಗೆಯುತ್ತಿರಬೇಕು. ಕಟ್ಟಿ ಆಚೆ ಹೋದರೆ ಇಳಿಯುವ ಬಾರ್ಜ್ ಹಗ್ಗಕ್ಕೆ ನೇತುಬೀಳುತ್ತದೆ, ಹರಿಯುವವರೆಗೆ. ಕೋಣೆಯಲ್ಲಿ ನೀರು ಚಲಿಸುತ್ತಿರುವಷ್ಟು ಹೊತ್ತೂ ಹಗ್ಗದ ಬಳಿಯೇ ಇರಿ.

ಗೋಡೆಗೂ ಬಾರ್ಜ್‌ಗೂ ನಡುವೆ ತಾಗದಂತೆ ಇಳಿಬಿಡುವ ಬಂಪರನ್ನು ಅದರ ಹಗ್ಗದಿಂದಲೇ ಹಿಡಿಯಿರಿ, ಕೈಯಿಂದ ತುರುಕಬೇಡಿ. ಬಾರ್ಜನ್ನು ಕಾಲಿನಿಂದ ತಳ್ಳಿ ದೂರ ಮಾಡುವ ಆಸೆ ಬಲವಂತರಿಗೇ ಹೆಚ್ಚು, ಅದಕ್ಕೆ ಲೆಕ್ಕ ಹಾಕಿ ತೋರಿಸುತ್ತೇನೆ. ತುಂಬಿದ ಬಾರ್ಜ್, ಅದರ ಸ್ವಂತ ತೂಕವೂ ಸೇರಿ, ಸುಮಾರು 1,600 ಟನ್. ಅದು ಸೆಕೆಂಡಿಗೆ 10 ಸೆಂಟಿಮೀಟರ್ ಸರಿಯುತ್ತಿದೆ ಎನ್ನಿ, ಚಲಿಸುತ್ತಿದೆ ಎಂದೇ ಅನ್ನಿಸದ ವೇಗ. ನೀವು 50 ಕಿಲೋ ಎತ್ತುವಷ್ಟು ಬಲವನ್ನು ಒಂದೇ ಸಮ ಹಾಕಿ ತಡೆದರೂ ಅದು ನಿಲ್ಲುವ ಹೊತ್ತಿಗೆ 16 ಮೀಟರ್ ಸರಿದಿರುತ್ತದೆ. ನಿಮಗೂ ಗೋಡೆಗೂ ನಡುವೆ ಇರುವುದು ಒಂದು ಅಡಿ.

ನೀರಿಗೆ ಬೀಳುವುದು

ಬಾರ್ಜ್‌ನ ಅಂಚಿನಲ್ಲಿ ನಡೆಯಲು ಸಿಗುವುದು ಎರಡು ಮೂರು ಅಡಿ ಅಗಲದ ಉಕ್ಕಿನ ಪಟ್ಟಿ, ಹೊರಗಡೆಗೆ ಕಟಾಂಜನವಿಲ್ಲ. ಚೆಲ್ಲಿದ ಸೋಯಾ, ಜೋಳದ ಕಾಳು ಬೂಟಿನಡಿ ಗೋಲಿಯಂತೆ ಉರುಳುತ್ತದೆ. ಒದ್ದೆಯಾದ ಕಲ್ಲಿದ್ದಲ ಪುಡಿ ಸಾಬೂನಿನಷ್ಟೇ ಜಾರು. ಗುಡಿಸುವ ಕೆಲಸ ಕೊಟ್ಟರೆ ಅದನ್ನು ಕೀಳೆಂದು ತಿಳಿಯಬೇಡಿ, ಜಾರುವವರನ್ನು ಉಳಿಸುವುದು ಅದೇ. ಬಾರ್ಜ್‌ನಿಂದ ಬಾರ್ಜ್‌ಗೆ ಹೆಜ್ಜೆ ಇಟ್ಟು ದಾಟಬೇಕು, ಜಿಗಿಯಬಾರದು. ಒಂದು ಹೆಜ್ಜೆಗೆ ಸಿಗದಿದ್ದರೆ ಸುತ್ತಿಕೊಂಡು ಹೋಗಿ. ತುಂಬಿದ ಬಾರ್ಜ್ ಪಕ್ಕದಲ್ಲಿ ಖಾಲಿ ಬಾರ್ಜ್ ಏಳು ಅಡಿಯಷ್ಟು ಎತ್ತರಕ್ಕೆ ನಿಂತಿರುತ್ತದೆ, ಅಲ್ಲಿಗೆ ಏಣಿ ಬೇಕು, ಏಣಿ ಹಿಡಿಯಲು ಇನ್ನೊಬ್ಬರು ಬೇಕು. ಅಳತೆ ಹೊಂದದ ಬಾರ್ಜ್‌ಗಳ ನಡುವೆ ತೆರೆದ ನೀರಿನ ಗುಂಡಿ ಉಳಿಯುತ್ತದೆ, ಅದಕ್ಕೆ ಡಕ್ ಪಾಂಡ್ ಎನ್ನುತ್ತಾರೆ. ಟೋ ಕಟ್ಟಿದ ದಿನವೇ ಅವು ಎಲ್ಲೆಲ್ಲಿವೆ ಎಂದು ಹಗಲು ಬೆಳಕಿನಲ್ಲಿ ನೋಡಿ ನೆನಪಿಟ್ಟುಕೊಳ್ಳಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಕಪ್ಪು ನೀರೂ ಕಪ್ಪು ಡೆಕ್ಕೂ ಒಂದೇ ಥರ ಕಾಣುತ್ತವೆ.

ಲೈಫ್ ವೆಸ್ಟ್‌ನ ಎಲ್ಲ ಬಕಲ್‌ಗಳನ್ನೂ ಹಾಕಿಯೇ ಡೆಕ್ ಹತ್ತಿ. ತೆರೆದ ವೆಸ್ಟ್ ನೀರಿಗೆ ಬಿದ್ದ ಕ್ಷಣವೇ ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ಟೋ ಮೇಲೆ ಹೋಗುವಾಗ ಪೈಲಟ್‌ಗೆ ಹೇಳಿ ಹೋಗಿ, ಬಂದ ಮೇಲೂ ಹೇಳಿ. ಚಲಿಸುವ ಟೋ ತಲೆಯಿಂದ ಬಿದ್ದವರು ಬಾರ್ಜ್‌ಗಳ ಅಡಿಗೆ ಸೇರುವ ಅಪಾಯವಿದೆ, ಹಿಂದೆ ಪ್ರೊಪೆಲ್ಲರ್ ಇದೆ. ಹಾಗಾಗಿ ಬಿದ್ದರೆ ಟೋ ಮುಂದೆ ನೇರ ಈಜದೆ ಬದಿಗೆ ಈಜಬೇಕು. ಬೇರೆಯವರು ಬಿದ್ದದ್ದು ಕಂಡರೆ ಮೊದಲು ಕೂಗಿ ರೇಡಿಯೊದಲ್ಲಿ ಯಾವ ಬದಿ ಎಂದು ಹೇಳಿ, ಪೈಲಟ್ ಎಂಜಿನ್ ನಿಲ್ಲಿಸಲಿ. ಜೊತೆಗೇ ತೇಲುಬಳೆ ಎಸೆಯಿರಿ. ಬಿದ್ದವರ ಕಡೆ ಬೆರಳು ತೋರುತ್ತ ನಿಂತು ಕಣ್ಣು ಕೀಳಬೇಡಿ. ಹಿಂದೆಯೇ ನೀರಿಗೆ ಹಾರಬೇಡಿ. ತಣ್ಣೀರಿಗೆ 1-10-1 ಎಂಬ ಲೆಕ್ಕವಿದೆ: ಉಸಿರು ಹದಕ್ಕೆ ಬರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಸುಮಾರು ಹತ್ತು ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಮೊದಲ ನಿಮಿಷ ಏದುಸಿರಿನಲ್ಲಿ ನೀರು ಕುಡಿಯದೆ ಇರುವುದೇ ದೊಡ್ಡದು, ವೆಸ್ಟ್ ಕೊಡುವುದು ಆ ನಿಮಿಷವನ್ನು.

ಮುಚ್ಚಿದ ಟ್ಯಾಂಕ್‌ಗಳು

ಬಾರ್ಜ್‌ನ ಬದಿ ಮತ್ತು ತುದಿಗಳಲ್ಲಿ ಖಾಲಿ ಕೋಣೆಗಳಿರುತ್ತವೆ, ತೇಲಲು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಕೋಲು ಇಳಿಸಿ, ನೀರು ಬಂದಿದೆಯೇ ಎಂದು ನೋಡುವುದು ದಿನದ ಕೆಲಸ. 195 ಅಡಿಯ ಬಾರ್ಜ್ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿದರೆ ಸುಮಾರು 6 ಟನ್ ನೀರು ಒಳಗೆ ಬಂದಂತೆ. ಆದ್ದರಿಂದ ಅಂಚು ನೀರಿಗೆ ಹತ್ತಿರವಾದದ್ದು ಕಣ್ಣಿಗೆ ಕಂಡಿತೆಂದರೆ ಈಗಾಗಲೇ ತಡವಾಗಿದೆ, ಅದಕ್ಕೇ ಕೋಲಿನ ಅಳತೆ. ನೀರಿದ್ದರೆ ಎಷ್ಟು ಅಂಗುಲ ಎಂದು ಬರೆದು, ಪಂಪ್ ಹಾಕಿ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಪಂಪ್ ನಿಲ್ಲಿಸಿದ ಮೇಲೆ ಏರುವ ವೇಗ ತೂತಿನ ಗಾತ್ರ ಹೇಳುತ್ತದೆ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಲು ಮರೆಯಬೇಡಿ.

ಒಳಗೆ ಮಾತ್ರ ಇಳಿಯಬೇಡಿ. ಮುಚ್ಚಿದ ಕೋಣೆಯಲ್ಲಿ ಉಕ್ಕು ತುಕ್ಕು ಹಿಡಿಯುತ್ತ ಗಾಳಿಯ ಆಮ್ಲಜನಕವನ್ನು ತಿಂದುಹಾಕುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇ 20.9, ಶೇ 19.5ಕ್ಕಿಂತ ಕಡಿಮೆಯಾದರೆ ಒಳಹೋಗುವಂತಿಲ್ಲ. ವಾಸನೆ ಇಲ್ಲ, ಉಸಿರುಕಟ್ಟಿದ ಅನುಭವವೂ ಆಗುವುದಿಲ್ಲ, ಏಣಿಯ ಮೇಲೆಯೇ ಪ್ರಜ್ಞೆ ತಪ್ಪುತ್ತದೆ. ಕೆಳಗೆ ಬಿದ್ದವರನ್ನು ಕಂಡು ರಕ್ಷಿಸಲು ಇಳಿದವರೂ ಅಲ್ಲೇ ಬೀಳುತ್ತಾರೆ. ಮೀಟರಿನಿಂದ ಗಾಳಿ ಅಳೆದು, ಗಾಳಿ ಊದಿಸಿ, ಮೇಲೆ ಕಾವಲಿಗೆ ಒಬ್ಬರನ್ನು ನಿಲ್ಲಿಸಿ, ಕ್ಯಾಪ್ಟನ್ ಒಪ್ಪಿಗೆ ಕೊಟ್ಟ ಮೇಲೆಯೇ ಇಳಿಯುವ ಮಾತು. ಬಿದ್ದ ಟಾರ್ಚ್ ತರಲೆಂದು ಅರ್ಧ ನಿಮಿಷ ಇಳಿಯುವುದಕ್ಕೂ ಇದೇ ನಿಯಮ.

ಪಾಳಿ, ನಿದ್ದೆ, ಸಾಮಾನು

ಬಹುತೇಕ ಟೋಬೋಟ್‌ಗಳಲ್ಲಿ ಆರು ಗಂಟೆ ಕೆಲಸ, ಆರು ಗಂಟೆ ಬಿಡುವು, ದಿನಕ್ಕೆ ಎರಡು ಸಲ. ಒಮ್ಮೆ ಹತ್ತಿದರೆ 28 ದಿನ ದೋಣಿಯಲ್ಲೇ ಇರುವುದು ಸಾಮಾನ್ಯ. ಎರಡೂ ಬಿಡುವಿನಲ್ಲಿ ಮಲಗಲೇಬೇಕು. ಒಂದರಲ್ಲಿ ಮಲಗಿ ಇನ್ನೊಂದರಲ್ಲಿ ಫೋನ್ ನೋಡುತ್ತ ಕೂತವರು ಎರಡನೇ ವಾರಕ್ಕೆ ರಾಚೆಟ್‌ನ ನಾಲಿಗೆ ಕೂತಿದೆಯೇ ಎಂದು ನೋಡುವುದನ್ನು ಮರೆಯುತ್ತಾರೆ. ಕೆಲಸದ ಪಾಳಿಯಲ್ಲಿ ಕಟ್ಟುವುದು, ಬಿಚ್ಚುವುದು ಇಲ್ಲದಾಗ ಅಡುಗೆಮನೆ ಒರೆಸುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಟೋ ತಲೆಯ ದೀಪಗಳ ಬ್ಯಾಟರಿ ಬದಲಿಸುವುದು ಎಲ್ಲ ಇರುತ್ತದೆ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಅಮೆರಿಕದ ಒಳನಾಡ ನೀರಿನಲ್ಲಿ ನಡುವೆ ಮಿನುಗುವ ಹಳದಿ ದೀಪ.

ಪಾದದ ಗಂಟು ಮುಚ್ಚುವ, ಲೇಸ್ ಕಟ್ಟುವ, ಮುಂದೆ ಉಕ್ಕಿನ ಟೊಪ್ಪಿಯಿರುವ ಬೂಟು ತೆಗೆದುಕೊಳ್ಳಿ. ನಾಲ್ಕೈದು ಜೊತೆ ಗ್ಲೌಸ್, ತಲೆಗೆ ಕಟ್ಟುವ ಟಾರ್ಚ್, ಒಳ್ಳೆಯ ಮಳೆಯಂಗಿ ಬೇಕು. ಅಗಲ ಬಾಯಿಯ ಗ್ಲೌಸ್ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಮಣಿಕಟ್ಟಿಗೆ ಅಂಟಿ ಕೂರುವಂಥದ್ದು ಆರಿಸಿ. ಉಂಗುರ, ಕಡಗ, ಕೊರಳ ಸರ ಮನೆಯಲ್ಲೇ ಇರಲಿ. ಉಂಗುರ ವೈರ್‌ಗೆ ಸಿಕ್ಕಿದರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ.

ಸೇರುವ ಮೊದಲು ಅಭ್ಯಾಸ ಮಾಡಬಹುದಾದದ್ದು ಖಂಡಿತ ಇದೆ. 25 ಅಡಿಯ ದಪ್ಪ ಹಗ್ಗ ತಂದು ತುದಿಗೆ ಎರಡು ಅಡಿಯ ಕುಣಿಕೆ ಮಾಡಿಕೊಳ್ಳಿ. ಮೊಣಕಾಲೆತ್ತರದ ಗಟ್ಟಿ ಗೂಟ ಒಂದು ಬೇಕು. ಹಗ್ಗವನ್ನು ಸಿಂಬಿ ಸುತ್ತಿ, ಅರ್ಧ ಸಿಂಬಿ ಎಸೆಯುವ ಕೈಯಲ್ಲಿ, ಉಳಿದರ್ಧ ಇನ್ನೊಂದು ಕೈಯ ಬಿಚ್ಚಿದ ಅಂಗೈ ಮೇಲೆ ಇಟ್ಟುಕೊಂಡು, ಎಂಟು ಅಡಿ ದೂರದಿಂದ ಕುಣಿಕೆ ಗೂಟಕ್ಕೆ ಬೀಳುವಂತೆ ಎಸೆಯಿರಿ. ತೋಳಿನಿಂದಲ್ಲ, ಸೊಂಟ ತಿರುಗಿಸಿ ಎಸೆಯಬೇಕು. ಬಿದ್ದ ಕೂಡಲೇ ಸಡಿಲ ಎಳೆದು, ಇನ್ನೊಂದು ಗೂಟಕ್ಕೆ ಎಂಟರ ಆಕಾರದಲ್ಲಿ ಮೂರು ಸುತ್ತು ಹಾಕಿ, ಮತ್ತೆ ಬಿಚ್ಚಿ. ಬಲಗೈ ಪಳಗಿದ ಮೇಲೆ ಎಡಗೈ. ಆಮೇಲೆ ಗ್ಲೌಸ್ ತೊಟ್ಟು, ಹಗ್ಗ ನೆನೆಸಿ, ಕತ್ತಲಲ್ಲಿ. ಪ್ರತಿ ಸಲ ಸುತ್ತು ಹಾಕಿದ ಮೇಲೆ ಅಲ್ಲೇ ನಿಂತು ಪಾದ ಎಲ್ಲಿದೆ, ಕೈ ಗೂಟದಿಂದ ಎಷ್ಟು ದೂರವಿದೆ ಎಂದು ನೋಡಿ. ಹಗ್ಗದ ಸಿಂಬಿ ಕಾಲಿನ ಸುತ್ತ ಇದ್ದರೆ ಆ ಎಸೆತ ಲೆಕ್ಕಕ್ಕಿಲ್ಲ, ಮೊದಲಿನಿಂದ ಮಾಡಿ.